ಕೂತಮ್ಮನ ಕುತ್ತಿಗೆ

ನಮ್ಮೂರಿನ ಕನ್ನಡಿಗಳಿಗೆ ನಾವು ಸಿಗೋದಿಲ್ಲ. ಎದುರಿಗೆ ಹೋಗಿ ನಿಂತರೆ ಹಿಂದಿನ ಗೋಡೆ ಕಾಣುತ್ತೆ, ಗೋಡೆಯ ಮೇಲಿನ ಕ್ಯಾಲೆಂಡರ್ ಕಾಣುತ್ತೆ, ಕಿಟಕಿಯಲ್ಲಿ ಕೂತ ಗುಬ್ಬಿ ಕೂಡ ಕಾಣುತ್ತೆ. ನಿಂತವನು ಮಾತ್ರ, ಉಟ್ಟ ಪಂಚೆ ಸಮೇತ, ಇಲ್ಲ. ಫೋಟೊದ ಕಥೆಯೂ ಅದೇ. ನಮ್ಮ ಹೈಸ್ಕೂಲಿನ ಹೆಡ್ ಮಾಸ್ಟರ ಕೋಣೆಯಲ್ಲಿ ಪ್ರತಿ ವರ್ಷದ ಗ್ರೂಪ್ ಫೋಟೊ ಸಾಲಾಗಿ ತೂಗು ಹಾಕಿದ್ದಾರೆ. ಎಲ್ಲದರಲ್ಲೂ ಖಾಲಿ ಬೆಂಚು, ಕೆಳಗೆ ಮಾತ್ರ ಎಲ್ಲರ ಹೆಸರು. ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರುಗಳು ಅದನ್ನ ನೋಡಿ ಬೆವರುತ್ತಾರೆ. ನಮಗೆ ಅದರಲ್ಲಿ ಏನೂ ವಿಶೇಷ ಅನ್ನಿಸೋದಿಲ್ಲ. ಬೇರೆ ಊರಿಗೆ ಹೋದರೂ ಅಷ್ಟೇ, ಅಲ್ಲಿನ ಕನ್ನಡಿಗಳೂ ನಮ್ಮನ್ನ ಮಾತಾಡಿಸೋದಿಲ್ಲ.

ಹಾಗಂತ ನಾವೇನು ತಲೆ ಬಾಚದೆ, ಮುಖಕ್ಕೆ ನೀರು ಹಾಕದೆ ಓಡಾಡೋ ಜನ ಅಂದುಕೊಳ್ಳಬೇಡಿ. ನಮ್ಮಲ್ಲಿ ಒಬ್ಬರ ಮುಖಕ್ಕೆ ಇನ್ನೊಬ್ಬರು ಜವಾಬ್ದಾರಿ. ಬೆಳಗಾದರೆ ಹೊಸ್ತಿಲ ಹತ್ತಿರ ಅಕ್ಕಪಕ್ಕದ ಹೆಂಗಸರು ಒಬ್ಬರ ಕುಂಕುಮ ಒಬ್ಬರು ತಿದ್ದುತ್ತಾ ನಿಂತಿರುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವನು ಕೂಡ, "ಸ್ವಾಮಿ, ಮೀಸೆಗೆ ಕಾಫಿ ಅಂಟಿದೆ" ಅಂತ ಹೇಳಿ ತನ್ನ ಟವೆಲಿನಲ್ಲೇ ಒರೆಸುತ್ತಾನೆ. ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅಂತ ಯಾರೂ ಹೇಳಬೇಕಾಗಿಲ್ಲ, ಅವಳ ಬೈತಲೆ ಓರೆಯಾಗಿರುತ್ತೆ, ಅವನ ಗಡ್ಡ ಅರ್ಧ ಉಳಿದಿರುತ್ತೆ.

ಆದರೆ ಒಂದು ಮರ್ಯಾದೆ ಇದೆ. ಕುಂಕುಮ ಓರೆಯಾಗಿದೆ ಅನ್ನಬಹುದು, ಮೂಗು ಮೊಂಡು ಅನ್ನಬಾರದು. ಯಾರ ಮುಖವನ್ನೂ ಅವರಿಗೇ ವರ್ಣಿಸಿ ಹೇಳೋ ಹಾಗಿಲ್ಲ. ಹೇಳೋ ಚಟ ಇರುವವರ ಮನೆಗೆ ಹೆಣ್ಣು ಕೊಡೋದಿಲ್ಲ, ಅಷ್ಟು ಕಟ್ಟುನಿಟ್ಟು. ಹಾಗಾದರೆ ನಮ್ಮ ಮುಖ ನಮಗೆ ಗೊತ್ತಾಗೋದು ಹೇಗೆ ಅಂತೀರಾ? ಅದಕ್ಕೇ ಮದುವೆ ಚಿತ್ರ. ಲಗ್ನ ಗೊತ್ತಾದ ಮೇಲೆ ಹುಡುಗನನ್ನೂ ಹುಡುಗಿಯನ್ನೂ ಚಿತ್ರಗಾರನ ಮುಂದೆ ಕೂರಿಸುತ್ತಾರೆ. ಬಣ್ಣ ಒಣಗಿದ ಮೇಲೆ ಮನೆಯ ಹಿರಿಯರು ಅದನ್ನ ಅವರವರ ಕೈಗೆ ಕೊಟ್ಟು, "ತಗೋ, ಇದು ನಿನ್ನ ಮುಖ" ಅನ್ನುತ್ತಾರೆ. ಆಮೇಲೆ ಸಾಯೋ ತನಕ ಅದೇ ಮುಖ ಹಿಡಿದುಕೊಂಡು ಬದುಕಬೇಕು.

ಈ ಚಿತ್ರಗಾರರೆಲ್ಲ ವಿದ್ಯೆ ಕಲಿಯೋದು ಒಂದೇ ಕಡೆ. ಪುರಸಭೆಯ ಹಳೇ ಕಟ್ಟಡದ ಮಹಡಿಯ ಮೇಲೆ ಒಂದು ಚಿತ್ರ ಇದೆ, ಊರಿನವರು ಅದನ್ನ ಕೂತಮ್ಮ ಅನ್ನುತ್ತಾರೆ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ, ಹಡಗು ಹತ್ತಿ ದೂರದೇಶಕ್ಕೆ ಹೋಗಿ ಆಗಿನ್ನೂ ಹೊಸದಾಗಿ ಹುಟ್ಟಿದ್ದ ತರಹದ ಚಿತ್ರ ಕಲಿತು ಬಂದ ಒಬ್ಬ ಪುಣ್ಯಾತ್ಮ ನಮ್ಮೂರಿನ ಖಾನಾವಳಿಯಲ್ಲಿ ಒಂದು ಮಳೆಗಾಲ ಇದ್ದನಂತೆ. ಹೋಗುವಾಗ ಇದನ್ನ ಬಿಟ್ಟು ಹೋದ. ಒಬ್ಬ ಹೆಂಗಸು ಮಣೆಯ ಮೇಲೆ ಕೂತಿದ್ದಾಳೆ, ಮಡಿಲಲ್ಲಿ ಬಾಳೆ ಎಲೆ. ಕುತ್ತಿಗೆ ಕೊಕ್ಕರೆಯದರ ಹಾಗೆ ಉದ್ದ, ಅದೂ ಒಂದು ಕಡೆಗೆ ವಾಲಿದೆ. ಎಡಗೆನ್ನೆ ಪೂರಾ ಹಸಿರು. ಒಂದು ಕಣ್ಣು ಎದುರಿಗೆ, ಇನ್ನೊಂದು ಪಕ್ಕಕ್ಕೆ. ಅದಕ್ಕೂ ಮುಂಚೆ ನಮ್ಮೂರಿನಲ್ಲಿ ಮನುಷ್ಯರ ಚಿತ್ರ ಅಂತ ಯಾರೂ ಬರೆದಿರಲಿಲ್ಲ. ಬರೆಯೋದು ಅಂದರೆ ಹೀಗೇ ಅಂತ ನಂಬಿ ಎಲ್ಲರೂ ಅವಳನ್ನೇ ನೋಡಿ ನೋಡಿ ಕೈ ಪಳಗಿಸಿಕೊಂಡರು. ಹಾಗಾಗಿ ನಮ್ಮೂರಿನ ಅಷ್ಟೂ ಮದುವೆ ಚಿತ್ರಗಳಲ್ಲಿ ನೀಳ ಕುತ್ತಿಗೆ, ಹಸಿರು ಕೆನ್ನೆ. ಗಂಡಸರಿಗೂ ಅದೇ, ಮೀಸೆ ಒಂದು ಜಾಸ್ತಿ.

ಇದರಲ್ಲಿ ಮಜಾ ಏನು ಗೊತ್ತಾ? ಬೇರೆಯವರ ಚಿತ್ರ ಅವರ ಹಾಗೆ ಒಂದು ಚೂರೂ ಇಲ್ಲ ಅಂತ ಪ್ರತಿಯೊಬ್ಬರಿಗೂ ಗೊತ್ತು. "ಪಾಪ, ಇವರಿಗೆ ಚಿತ್ರಗಾರ ಕೈ ಕೊಟ್ಟಿದ್ದಾನೆ, ನನ್ನದೊಂದು ಹೇಗೋ ಸರಿಯಾಗಿ ಬಂದುಬಿಟ್ಟಿದೆ" ಅಂತ ಪ್ರತಿಯೊಬ್ಬರೂ ಒಳಗೊಳಗೇ ಅಂದುಕೊಳ್ಳುತ್ತಾರೆ. ಬಾಯಿ ಬಿಟ್ಟು ಯಾರೂ ಹೇಳೋ ಹಾಗಿಲ್ಲವಲ್ಲ, ಹಾಗೇ ನಡೆದುಕೊಂಡು ಬಂದಿದೆ. ನನ್ನದು ನಿಜವಾಗಿಯೂ ಸರಿಯಾಗಿಯೇ ಬಂದಿದೆ, ಆ ಮಾತು ಬೇರೆ.

ನಾನು ಮರುಳಪ್ಪ. ಸಂತೆ ಬೀದಿಯ ಮೂಲೆಯ ಬೇಕರಿ ನಮ್ಮದು. ನಮ್ಮದು ಅಂದರೆ ನಾನು, ನನ್ನ ಹೆಂಡತಿ ದಾಕ್ಷಾಯಿಣಿ, ಆಮೇಲೆ ಭಟ್ಟಿ. ಮಕ್ಕಳಾಗಲಿಲ್ಲ. ಹಿಟ್ಟು ನಾದೋದು ಅವಳು, ಬೇಯಿಸೋದು ನಾನು. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಅವಳ ಹಣೆಗೆ ನಾನು ಕುಂಕುಮ ಇಡಬೇಕು, ನನ್ನ ಹಣೆಗೆ ಅವಳು ವಿಭೂತಿ ಹಚ್ಚಬೇಕು. ಜಗಳ ಆಡಿದ ದಿನವೂ ಇದು ತಪ್ಪಿಲ್ಲ, ಆ ದಿನ ಇಬ್ಬರೂ ಸ್ವಲ್ಪ ಒತ್ತಿ ಹಚ್ಚುತ್ತಿದ್ದೆವು, ಅಷ್ಟೆ.

ದಾಕ್ಷಿಯದು ದುಂಡು ಮುಖ, ಗದ್ದದಲ್ಲಿ ಒಂದು ಗುಳಿ. ಕುತ್ತಿಗೆ ಇದೆ ಅಂತ ಹೇಳಿದರೆ ದೇವರು ಮೆಚ್ಚೋದಿಲ್ಲ. ತಲೆಯನ್ನ ನೇರವಾಗಿ ತಂದು ಭುಜದ ಮೇಲೆ ಕೂರಿಸಿದ ಹಾಗಿದ್ದಾಳೆ. ಆದರೆ ಅವಳಿಗೆ ತನ್ನ ಮದುವೆ ಚಿತ್ರದ ಮೇಲೆ ಪ್ರಾಣ. ಅದರಲ್ಲಿನ ನೀಳ ಕುತ್ತಿಗೆ ನೋಡಿಕೊಂಡೇ ಅವಳು ಅಡ್ಡಿಕೆ ಮಾಡಿಸಿಕೊಂಡಿದ್ದು. ಕುತ್ತಿಗೆಗೆ ಅಂಟಿಕೊಂಡ ಹಾಗೆ ನಿಲ್ಲುವ ಒಡವೆ ಅದು, ಇವಳು ಹಾಕಿಕೊಂಡರೆ ಗದ್ದದ ಕೆಳಗೆ ಎಲ್ಲೋ ಮಾಯವಾಗುತ್ತೆ. "ಹೇಗಿದೆ ರೀ?" ಅಂತ ಕೇಳುತ್ತಾಳೆ. "ಒಪ್ಪುತ್ತೆ ಕಣೆ" ಅನ್ನುತ್ತೇನೆ. ಕೈಯಲ್ಲಿ ಮುಟ್ಟಿ ನೋಡಿಕೊಂಡರೆ ಗೊತ್ತಾಗೋದಿಲ್ಲವಾ ಅಂತ ಹೊರಗಿನವರು ಕೇಳುತ್ತಾರೆ. ನೀವೇ ಕಣ್ಣು ಮುಚ್ಚಿ ಮುಟ್ಟಿಕೊಂಡು ನಿಮ್ಮದು ಉದ್ದವೋ ಗಿಡ್ಡವೋ ಹೇಳಿ ನೋಡೋಣ!

ಅವಳಿಗೆ ಒಂದು ಕೊರಗಿತ್ತು, ಅವಳ ಅಮ್ಮನದು. ದಾಕ್ಷಿ ಲಂಗ ಹಾಕುವ ವಯಸ್ಸಿನಲ್ಲೇ ಆಕೆ ತೀರಿಕೊಂಡರು. ಹಪ್ಪಳ ಮಾಡಿ ಮಾರಿ ಮಗಳನ್ನ ಸಾಕಿದ ಹೆಂಗಸು. ನಾನು ಆಕೆಯನ್ನ ನೋಡಿಯೇ ಇಲ್ಲ, ಅವರ ಓಣಿ ಊರಿನ ಆಚೆ ತುದಿ. ಅವರದೂ ಒಂದು ಮದುವೆ ಚಿತ್ರ ನಮ್ಮ ಮನೆಯಲ್ಲಿದೆ, ಅದರಲ್ಲೂ ಕೂತಮ್ಮನೇ ಕೂತಿದ್ದಾಳೆ. "ಇದು ನಮ್ಮಮ್ಮ ಅಲ್ಲವೇ ಅಲ್ಲ" ಅನ್ನುತ್ತಿದ್ದಳು ದಾಕ್ಷಿ. "ಅವಳ ನಿಜವಾದ ಮುಖ ನನ್ನ ಕಣ್ಣಲ್ಲಿ ಮಾತ್ರ ಇತ್ತು. ಅದೂ ಈಗ ಸವೆದು ಹೋಗ್ತಿದೆ ನೋಡಿ. ಹಪ್ಪಳದ ವಾಸನೆ ನೆನಪಿದೆ, ಬಳೆ ಸದ್ದು ನೆನಪಿದೆ, ಮುಖ ಅಂತ ನೆನೆಸಿಕೊಂಡರೆ ಬರೀ ಬೆಳಕು."

ಒಂದು ದಿನ ಬೆಳಿಗ್ಗೆ ಅಂಗಡಿಗೆ ಬಂದ ಗಿರಾಕಿಗಳೆಲ್ಲ ನನ್ನ ನೋಡಿ ಮುಸಿಮುಸಿ ನಗೋದಕ್ಕೆ ಶುರು ಮಾಡಿದರು. ಕೊನೆಗೆ ಪಕ್ಕದ ಮನೆಯ ಹಾಲಿನ ಪುಟ್ಟೀರಮ್ಮ ತಡೆಯಲಾರದೆ, "ಏನ್ ಮರುಳಣ್ಣ, ವಿಭೂತಿ ಹುಬ್ಬಿನ ಮೇಲೆ ಹಾದು ಕಿವಿಗೆ ಹೊರಟಿದೆ? ದಾಕ್ಷಕ್ಕನ ಹತ್ರ ಮಾತು ಬಿಟ್ಟಿದೀಯಾ?" ಅಂದಳು. ಮಾತು ಬಿಟ್ಟಿರಲಿಲ್ಲ. ಒಳಗೆ ಹೋಗಿ ಕೇಳಿದೆ. ದಾಕ್ಷಿ ಹಿಟ್ಟಿನ ಮುಂದೆ ಸುಮ್ಮನೆ ನಿಂತಿದ್ದಳು. "ನಿಮ್ಮ ಹಣೆ ಪೂರ್ತಿ ಒಟ್ಟಿಗೆ ಕಾಣಿಸ್ತಿಲ್ಲ ರೀ, ತುಂಡು ತುಂಡಾಗಿ ಕಾಣಿಸ್ತಿದೆ" ಅಂದಳು. ಯಾವಾಗಿನಿಂದ ಅಂತ ಕೇಳಿದರೆ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ದೊಡ್ಡ ಊರಿನ ಕಣ್ಣಿನ ಡಾಕ್ಟರು ಒಳ್ಳೆಯ ಹೆಂಗಸು, ಸುಳ್ಳು ಧೈರ್ಯ ಹೇಳಲಿಲ್ಲ. ಕಣ್ಣಿನ ನರ ಅಂಚಿನಿಂದ ಒಣಗುತ್ತಾ ಬಂದಿದೆ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ, ಔಷಧಿ ಹಾಕಿದರೆ ಕಿಂಡಿ ಮುಚ್ಚೋದು ನಿಧಾನ ಆಗುತ್ತೆ, ನಿಲ್ಲೋದಿಲ್ಲ ಅಂದರು. ವಾಪಸ್ ಬರುವ ಬಸ್ಸಿನಲ್ಲಿ ನಾನು ಔಷಧಿ ಚೀಟಿಯನ್ನ ಮಡಿಸಿ ಬಿಚ್ಚಿ ಮಾಡುತ್ತಿದ್ದೆ. ಅವಳು ಕಿಟಕಿ ಕಡೆ ಮುಖ ಮಾಡಿಕೊಂಡು, "ರೀ, ನನಗೊಂದು ಆಸೆ ಇದೆ, ನಗಬಾರದು" ಅಂದಳು. "ಹೇಳು." "ಮದುವೆ ಚಿತ್ರದಲ್ಲಿ ಹತ್ತೊಂಬತ್ತರ ವಯಸ್ಸಿನ ಮುಖ ನೋಡಿಕೊಂಡಿದೀನಿ. ಈಗಿನದು ನೋಡಿಲ್ಲ. ಕತ್ತಲೆಗೆ ಹೋಗೋ ಮುಂಚೆ ಎಂಥ ಮುಖ ಹೊತ್ಕೊಂಡು ಹೋಗ್ತಿದೀನಿ ಅಂತ ಒಂದು ಸಲ ನೋಡ್ಕೋಬೇಕು."

"ಅದಕ್ಕೇನಂತೆ, ನಾಳೆನೇ ಚಿತ್ರಗಾರನ್ನ ಕರೆಸ್ತೀನಿ" ಅಂದೆ. "ಅವನು ನನ್ನ ಎಲ್ಲಿ ನೋಡಿದಾನೆ? ಬಂದು ಒಂದು ಗಂಟೆ ನೋಡಿ ಬರ್ಕೊಂಡು ಹೋಗ್ತಾನೆ. ದಿನಾ ನನ್ನ ಮುಖ ನೋಡಿರೋರು ನೀವು. ನೀವೇ ಬರೀರಿ." "ನಾನಾ? ಕೇಕಿನ ಮೇಲೆ ಚೆರ್ರಿ ಇಡೋದು ಬಿಟ್ಟರೆ ನನಗೆ ಯಾವ ಕಲೆ ಬರುತ್ತೆ ಮಾರಾಯ್ತಿ?" ಅಂದೆ. "ಕಲೀರಿ" ಅಂದಳು. ಕಂಡಕ್ಟರ್ ಕೂಡ ತಿರುಗಿ ನೋಡಿದ.

ಹೀಗೆ ನಾನು ತುಂಗಾ ಟೀಚರ ಶಿಷ್ಯನಾದೆ. ಪುರಸಭೆಯ ಮಹಡಿಯಲ್ಲಿ ಕೂತಮ್ಮನನ್ನ ಕಾಯ್ದುಕೊಂಡು, ಬಂದವರಿಗೆ ಚಿತ್ರ ಹೇಳಿಕೊಡುವ ಮುದುಕಿ ಅವರು. ಎಂಬತ್ತರ ಮೇಲಾಗಿದೆ, ನಾಲಿಗೆ ಮಾತ್ರ ಇನ್ನೂ ಹರೆಯದ್ದು. ಊರಿನವರಿಗೆ ನಗೋದಕ್ಕೆ ಒಂದು ವಿಷಯ ಸಿಕ್ಕಿತು. ಅರವತ್ತಕ್ಕೆ ಅರಳು ಮರಳು ಅಂತ ನನ್ನ ಬೆನ್ನ ಹಿಂದೆ ಅಂದರು, ಕೆಲವರು ಮುಂದೆಯೇ ಅಂದರು. ಅನ್ನಲಿ. ಬೆಳಗಿನ ಬನ್ನು ಮುಗಿಸಿ, ಭಟ್ಟಿಯಿಂದ ನಾಲ್ಕು ಇದ್ದಿಲ ಚೂರು ಕಾಗದದಲ್ಲಿ ಸುತ್ತಿಕೊಂಡು ಮಹಡಿ ಹತ್ತುತ್ತಿದ್ದೆ.

ಮೊದಲನೇ ದಿನ ನಾನು ಬರೆದದ್ದನ್ನ ಟೀಚರು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಬನ್ನು ಚೆನ್ನಾಗಿ ಬಂದಿದೆ. ಹೆಂಗಸು ಎಲ್ಲಪ್ಪಾ?" ಅಂದರು. ಆಮೇಲೆ ಮುಖದ ಗೊಡವೆಗೇ ಹೋಗಬೇಡ ಅಂತ ಬರೀ ಕೈ ಬರೆಸಿದರು. ಬಾಳೆ ಎಲೆ ಹಿಡಿದ ಕೂತಮ್ಮನ ಕೈಯನ್ನ ನೋಡುತ್ತಾ ನೋಡುತ್ತಾ, ಬೆರಳು ಅನ್ನೋದು ಬೆರಳಿನಲ್ಲಿ ಶುರುವಾಗೋದಿಲ್ಲ, ಮೊಣಕೈಯಿಂದಲೇ ಹೊರಟಿರುತ್ತೆ ಅಂತ ನನಗೆ ಗೊತ್ತಾಯಿತು. ಆಮೇಲೆ ಮೊಣಕಾಲು, ಆಮೇಲೆ ಬೆನ್ನು. ಮಣೆಯ ಮೇಲೆ ಮೈಯ ಭಾರ ಬಿದ್ದಿದೆಯೋ ಇಲ್ಲವೋ ಅಂತ ಟೀಚರು ನನ್ನ ಕಾಗದದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ಇವಳು ತೇಲ್ತಿದಾಳೆ, ಕೂರಿಸು" ಅನ್ನುತ್ತಿದ್ದರು. ಕೂರಿಸಿದೆ. ಇದ್ದಿಲು ಸವೆದ ಹಾಗೆಲ್ಲ ಅವಳ ಸೊಂಟ, ಅವಳ ತೊಡೆ, ಎಲ್ಲ ಒಂದೊಂದಾಗಿ ನನ್ನ ಕಾಗದದ ಮೇಲೂ ಕೂತವು. ಕುತ್ತಿಗೆ ಮಾತ್ರ ಎಷ್ಟು ಬರೆದರೂ ಕೂರಲಿಲ್ಲ.

ಒಂದು ದಿನ ಸಿಟ್ಟು ನೆತ್ತಿಗೇರಿ ಇದ್ದಿಲು ಎಸೆದೆ. "ಟೀಚರ್, ಇವಳ ಮೈ ಕೂತಿದೆ, ಕುತ್ತಿಗೆ ಕೂತಿಲ್ಲ. ಈಕಡೆಯ ಗೆರೆ ಕೂತ ಹೆಂಗಸಿನದು. ಆಕಡೆಯದು ಎದ್ದು ಬಗ್ಗಿ ನೋಡ್ತಿರೋ ಹೆಂಗಸಿನದು. ಎರಡನ್ನೂ ಸೇರಿಸಿ ಹೊಲಿದಿದಾನೆ. ಆ ಮನುಷ್ಯನಿಗೆ ಬರೆಯೋಕೇ ಬರ್ತಿರಲಿಲ್ಲ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಬೈತಾರೆ ಅಂದುಕೊಂಡಿದ್ದೆ. ಟೀಚರು ಬೈಯಲಿಲ್ಲ. ಎದ್ದು ಬಂದು ನನ್ನ ಪಕ್ಕದ ಮಣೆ ಎಳೆದುಕೊಂಡು ಕೂತರು.

"ಇಷ್ಟು ಜನಕ್ಕೆ ಹೇಳಿಕೊಟ್ಟೆ, ಇದನ್ನ ಕಂಡವನು ನೀನೊಬ್ಬ" ಅಂದರು. "ಇವಳು ನಮ್ಮಜ್ಜಿ ಕಣಯ್ಯ. ಖಾನಾವಳೀಲಿ ಅಡುಗೆ ಮಾಡ್ತಿದ್ದಳು. ಕುತ್ತಿಗೆ ನಿನ್ನ ಹೆಂಡತಿಗಿಂತ ಗಿಡ್ಡ! ಆ ಚಿತ್ರಗಾರನಿಗೆ ಊಟದ ಮೇಲೆ ಗ್ಯಾನ ಇರ್ತಿರಲಿಲ್ಲವಂತೆ. ಉಂಡನೋ ಇಲ್ಲವೋ ಅಂತ ಇವಳು ಅಡುಗೆಮನೆಯಲ್ಲಿ ಕೂತಲ್ಲಿಂದಲೇ ಮತ್ತೆ ಮತ್ತೆ ಇಣುಕಿ ನೋಡ್ತಿದ್ದಳಂತೆ. ಅವನು ಕಂಡದ್ದು ಕುತ್ತಿಗೆ ಅಲ್ಲ, ಆ ಇಣುಕೋದನ್ನ. ಅದನ್ನೇ ಬರೆದ." "ಹಸಿರು ಕೆನ್ನೆ?" ಅಂತ ಕೇಳಿದೆ. "ಮಡಿಲಲ್ಲಿ ಏನಿದೆ ನೋಡು. ಬಿಸಿಲು ಎಲೆ ಮೇಲೆ ಬಿದ್ದು ಕೆನ್ನೆಗೆ ಹೊಡೀತಿದೆ." ನಾನು ನೋಡಿದೆ. ಇಷ್ಟು ದಿನ ಕಣ್ಣೆದುರಿಗೇ ಇತ್ತು. "ನಮ್ಮಜ್ಜಿಯನ್ನ ಬಲ್ಲವರೆಲ್ಲ ಚಿತ್ರ ನೋಡಿ, ಇದು ಅವಳಲ್ಲ ಅಂದರಂತೆ. ಅಜ್ಜಿ ಮಾತ್ರ, ಇದು ನಾನೇ ಅಂದಳಂತೆ. ಮುಖ ನೋಡಿ ಅಲ್ಲ, ಮುಖ ಅವಳಿಗೇನು ಗೊತ್ತು? ದಿನಾ ಎಷ್ಟು ಸಲ ಇಣುಕ್ತೀನಿ ಅಂತ ನನಗೆ ಗೊತ್ತಿಲ್ಲವಾ ಅಂದಳಂತೆ."

ಅಯ್ಯೋ ಶಿವನೇ, ಅಂದರೆ ನಮ್ಮೂರಿನ ಮದುಮಕ್ಕಳೆಲ್ಲ ಯಾರೋ ಒಬ್ಬನ ಊಟದ ಕಡೆ ಇಣುಕುತ್ತಾ ಕೂತಿದ್ದಾರೆ! ಚಿತ್ರಗಾರರೆಲ್ಲ ಕುತ್ತಿಗೆ ಕಲಿತಿದ್ದಾರೆ, ಇಣುಕೋದನ್ನ ಬಿಟ್ಟಿದ್ದಾರೆ. ನನಗೆ ನಗು ಬಂತು, ಮಹಡಿ ಇಳಿಯೋ ಹೊತ್ತಿಗೆ ಅದು ಹೋಯಿತು. ಯಾಕೆಂದರೆ ಮನೆಯಲ್ಲಿ ದಾಕ್ಷಿ ಕಾಯುತ್ತಿದ್ದಳು, ಆ ಕುತ್ತಿಗೆಯನ್ನೇ ನೆಚ್ಚಿಕೊಂಡು.

ಬಣ್ಣ, ಕ್ಯಾನ್ವಾಸು ತಂದು ನಡುಮನೆಯಲ್ಲಿ ಅವಳನ್ನ ಕೂರಿಸಿದೆ. ಧಾರೆ ಸೀರೆ ಉಟ್ಟು, ಅಡ್ಡಿಕೆ ಹಾಕಿಕೊಂಡು ಬಂದು ಕೂತಳು. ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, "ಕುತ್ತಿಗೆ ಒಂದು ಸರಿಯಾಗಿ ಬರೀರಿ" ಅಂದಳು. "ಸುಕ್ಕು ಬಂದಿದ್ದರೆ ಬಂದಿದೆ, ಹಲ್ಲು ಹೋಗಿದ್ದರೆ ಹೋಗಿದೆ, ಎಲ್ಲ ಇದ್ದ ಹಾಗೇ ಬರೀರಿ. ನನ್ನ ಹತ್ರ ಚೆಂದ ಅಂತ ಇರೋದು ಕುತ್ತಿಗೆ ಒಂದೇ. ಅದನ್ನ ಮೊಟಕು ಮಾಡಬೇಡಿ." ನಾನು ಬ್ರಷ್ ಹಿಡಿದುಕೊಂಡು ನಿಂತೆ. ಇದ್ದದ್ದು ಇದ್ದ ಹಾಗೆ ಬರೆದರೆ ಕತ್ತಲೆಗೆ ಹೋಗೋ ಹೊತ್ತಿನಲ್ಲಿ ಅವಳ ಹತ್ತಿರ ಇದ್ದ ಒಂದೇ ಚೆಂದವನ್ನ ಕಿತ್ತುಕೊಂಡ ಹಾಗೆ. ನೀಳ ಕುತ್ತಿಗೆ ಬರೆದುಬಿಟ್ಟರೆ, ಅವಳು ಹೊತ್ತುಕೊಂಡು ಹೋಗೋದು ಖಾನಾವಳಿಯ ಅಡುಗೆಯವಳ ಮುಖ. ಅವಳು ಮತ್ತೆ ನೋಡೋ ಹಾಗಿಲ್ಲ, ನಾನು ಮತ್ತೆ ತಿದ್ದೋ ಹಾಗಿಲ್ಲ. ಕೈ ಪಳಗಿದ ದಾರಿಯಲ್ಲೇ ಹೋಗಿ ಕೂತಮ್ಮನ ಕುತ್ತಿಗೆಯನ್ನೇ ಬರೆಯಿತು. ಅಳಿಸಿದೆ. ಮತ್ತೆ ಅದೇ ಬಂತು. ಏನೋ ನೆಪ ಹೇಳಿ ಎದ್ದುಬಿಟ್ಟೆ.

ಟೀಚರ ಹತ್ತಿರ ಹೋಗಿ ಅತ್ತುಬಿಟ್ಟೆ ಅಂತಲೇ ಹೇಳಬೇಕು. "ಸುಳ್ಳು ಬರೀಲಾ, ನಿಜ ಬರೀಲಾ, ನೀವೇ ಹೇಳಿ" ಅಂದೆ. ಅವರು ಎಲೆ ಅಡಿಕೆ ಮಡಿಸುತ್ತಾ, "ಅವಳನ್ನ ಯಾಕಪ್ಪಾ ಕೂರಿಸಿದೆ? ಧಾರೆ ಸೀರೆ ಉಟ್ಟು ಕೂತವಳನ್ನ ನೀನು ಎಷ್ಟು ಸಲ ನೋಡಿದೀಯ?" ಅಂದರು. "ಒಂದು ಸಲ." "ಮತ್ತೆ ದಿನಾ ನೋಡೋದು ಯಾರನ್ನ?" ಎಲೆ ಬಾಯಿಗಿಟ್ಟುಕೊಂಡು ಟೀಚರೇ ಮುಂದುವರಿಸಿದರು. "ಹೋಗಿ ಅವಳನ್ನ ನೋಡು. ಉದ್ದವೋ ಗಿಡ್ಡವೋ ಅಂತ ಅಳೆಯೋಕಲ್ಲ. ಅವಳು ಏನು ಮಾಡ್ತಾಳೆ ಅಂತ ನೋಡು" ಅಂದರು.

ಮಾರನೆಯ ದಿನ ಭಟ್ಟಿಯ ಹತ್ತಿರ ನಿಂತು ನೋಡಿದೆ. ಕಣ್ಣು ಮಂಜಾದರೂ ಅವಳು ನಾದೋದು ಬಿಟ್ಟಿರಲಿಲ್ಲ, ಹಿಟ್ಟಿಗೆ ಕಣ್ಣು ಯಾಕೆ ಬೇಕು? ಎರಡೂ ಕೈ ಮೊಣಕೈವರೆಗೆ ಹಿಟ್ಟು. ಭಟ್ಟಿಯ ಕಾವಿಗೆ ಹಣೆಯಿಂದ ಬೆವರು ಇಳಿದು ಕೆನ್ನೆಗೆ ಬಂತು. ಕೈಯಲ್ಲಿ ಒರೆಸೋ ಹಾಗಿಲ್ಲ. ಎಡಭುಜವನ್ನ ಮೇಲಕ್ಕೆತ್ತಿ, ಕೆನ್ನೆಯನ್ನ ಅದಕ್ಕೆ ಒತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ, ಒರೆಸಿಕೊಂಡಳು. ಮತ್ತೆ ನಾದಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಗೇ. ಮದುವೆಯಾದ ದಿನದಿಂದ ನೋಡುತ್ತಿದ್ದೇನೆ, ಒಂದು ದಿನವೂ ನೋಡಿರಲಿಲ್ಲ. ಅಷ್ಟು ದೊಡ್ಡ ಹೆಂಗಸು ಆ ಒಂದು ಗಳಿಗೆಯಲ್ಲಿ ತಾಯಿಯ ಹೆಗಲಿಗೆ ಒರಗಿದ ಮಗುವಿನ ಹಾಗೆ ಕಾಣುತ್ತಿದ್ದಳು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತು ಅಂದರೆ, ಮೊದಲನೇ ತಟ್ಟೆಯ ಬನ್ನು ಸೀದು ಹೋಯಿತು. "ಏನು ಸೀದ ವಾಸನೆ? ಎಲ್ಲಿಟ್ಟಿದೀರಿ ಗ್ಯಾನನಾ?" ಅಂತ ಬೈದಳು.

ಕ್ಯಾನ್ವಾಸನ್ನ ಭಟ್ಟಿಮನೆಗೆ ತಂದೆ. ಅವಳು ನಾದುವಾಗ ನಾನು ಬರೆದೆ. ಮೊದಲು ಕೈ, ಅದರ ಹಿಂದೆ ಮೊಣಕೈ, ಆಮೇಲೆ ಭುಜ. ಭುಜ ಏರಿತು. ಕೆನ್ನೆ ಅದರ ಮೇಲೆ ಇಳಿಯಿತು. ಭುಜವನ್ನ ಇದ್ದದ್ದಕ್ಕಿಂತ ದೊಡ್ಡದು ಮಾಡಿದೆ, ಒರಗಿದ ಕೆನ್ನೆಗೆ ಜಾಗ ಸಾಲಬೇಕಲ್ಲ, ದಿಂಬಿನಷ್ಟು ಮಾಡಿದೆ. ಕೆನ್ನೆಗೆ ಭಟ್ಟಿಯ ಕೆಂಪು ಹಚ್ಚಿದೆ. ಗದ್ದದ ಗುಳಿ ಬಂತು, ಅರೆಮುಚ್ಚಿದ ಕಣ್ಣು ಬಂತು. ಕುತ್ತಿಗೆಗೆ ಅಂತ ನಾನು ಸುಳ್ಳನ್ನೂ ಬರೆಯಲಿಲ್ಲ, ನಿಜವನ್ನೂ ಬರೆಯಲಿಲ್ಲ. ಅಲ್ಲಿ ಕುತ್ತಿಗೆ ಇರಲಿಲ್ಲ. ಅವಳಿದ್ದಳು, ಅಷ್ಟೆ.

ಮುಗಿಯೋ ಹೊತ್ತಿಗೆ ಅವಳ ಕಿಂಡಿ ರೂಪಾಯಿ ಬಿಲ್ಲೆಯಷ್ಟಾಗಿತ್ತು. ಬೆಳಗಿನ ಬಿಸಿಲು ಚೆನ್ನಾಗಿದ್ದ ಒಂದು ದಿನ ಚಿತ್ರವನ್ನ ಹಿತ್ತಲಿನ ಗೋಡೆಗೆ ಒರಗಿಸಿ ಅವಳ ಕೈ ಹಿಡಿದು ಕರೆದುಕೊಂಡು ಹೋದೆ. ಅವಳು ಮೂಗು ತಾಗುವಷ್ಟು ಹತ್ತಿರ ಕೂತು, ಇಷ್ಟಿಷ್ಟೇ ನೋಡುತ್ತಾ ಹೋದಳು. ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ಹಿಂದೆ ನಿಂತೆ. "ಇದು ನನ್ನ ಕೈ" ಅಂದಳು. "ನನ್ನ ಕೈ ನನಗೆ ಗೊತ್ತಿಲ್ಲವಾ. ಹಿಟ್ಟು ಯಾಕೆ ರೀ? ತೊಳ್ಕೊಳೋಕೆ ಹೇಳಬಾರದಾ?" ಮೆಲ್ಲಗೆ ಮೇಲೆ ಹತ್ತಿದಳು. ಮೊಣಕೈ, ರವಿಕೆಯ ತೋಳು. "ಇದೇನು ಇಷ್ಟು ದಪ್ಪ?" "ಭುಜ." "ಇಷ್ಟು ದೊಡ್ಡದಾ?" ಮತ್ತೆ ಮೇಲೆ ಹೋದಳು. ಹುಡುಕಿದಳು. "ಕುತ್ತಿಗೆ ಎಲ್ಲಿ ರೀ?"

ಅವಳು ಇನ್ನೂ ಸ್ವಲ್ಪ ಮೇಲಕ್ಕೆ, ಭುಜದ ಮೇಲೆ ಒರಗಿದ ಕೆನ್ನೆಯ ಹತ್ತಿರ ಹೋದಳು. ಅಲ್ಲಿ ಅವಳ ಕಣ್ಣು ನಿಂತುಬಿಟ್ಟಿತು. ಪಕ್ಕದ ಹಿತ್ತಲಿನಲ್ಲಿ ಪುಟ್ಟೀರಮ್ಮನ ಕರು ಕೂಗುತ್ತಿತ್ತು. ಇವಳು ಅಲ್ಲಾಡಲೇ ಇಲ್ಲ.

"ಅಮ್ಮ" ಅಂದಳು.

ನನಗೆ ಅರ್ಥವಾಗಲಿಲ್ಲ. "ಇದು ಅಮ್ಮ. ಹಪ್ಪಳ ಲಟ್ಟಿಸೋವಾಗ ಕೈ ಎಣ್ಣೆ ಆಗಿರ್ತಿತ್ತಲ್ಲ, ಹೀಗೇ ಒರೆಸ್ಕೊಳ್ತಿದ್ದಳು. ಹೀಗೇ ಕಣ್ಣು ಮುಚ್ಕೊಳ್ತಿದ್ದಳು. ಗದ್ದದಲ್ಲಿ ಗುಳಿ... ಅಯ್ಯೋ, ಗುಳಿ ಇತ್ತು ರೀ, ಮರೆತೇ ಹೋಗಿತ್ತು ನನಗೆ." ಬೆರಳ ತುದಿಯಿಂದ ಬಣ್ಣ ಮುಟ್ಟಿದಳು. ಆಮೇಲೆ ಫಕ್ಕನೆ ನನ್ನ ಕಡೆ ತಿರುಗಿದಳು. "ನಾನು ನನ್ನ ಬರೀರಿ ಅಂದರೆ ನೀವು ಅಮ್ಮನ್ನ ಯಾಕೆ ಬರೆದಿರಿ?" ಅಂದವಳು ಅಲ್ಲಿಗೇ ನಿಲ್ಲಿಸಿದಳು. "ನೀವು ನಮ್ಮಮ್ಮನ್ನ ನೋಡೇ ಇಲ್ಲವಲ್ಲ ರೀ."

"ಇಲ್ಲ ಕಣೆ" ಅಂದೆ. "ನಾನು ನೋಡಿದ್ದು ನಿನ್ನೊಬ್ಬಳನ್ನೇ."

ಅವಳು ತನ್ನ ಕೈಯನ್ನ ತನ್ನ ಗದ್ದಕ್ಕೆ ತಂದುಕೊಂಡಳು. ಗುಳಿಯನ್ನ ಹುಡುಕಿದಳು, ಸಿಕ್ಕಿತು. ಎಡಭುಜವನ್ನ ಎತ್ತಿ ಕೆನ್ನೆಯನ್ನ ಒತ್ತಿ ನೋಡಿದಳು. "ನಾನು ಹೀಗೆ ಮಾಡ್ತೀನಾ?" "ದಿನಾ ಮಾಡ್ತೀಯ." ಆಗ ಅತ್ತಳು. ಎಷ್ಟು ಅತ್ತಳೆಂದರೆ ಪುಟ್ಟೀರಮ್ಮ ಗೋಡೆಯ ಮೇಲಿಂದ ಇಣುಕಿ, ನನ್ನ ಕಡೆ ಕೆಕ್ಕರಿಸಿ ನೋಡಿ, ಏನು ಮಾಡಿದೆ ಪಾಪಿ ಅನ್ನೋ ಹಾಗೆ ಕೈ ಆಡಿಸಿದಳು. ದಾಕ್ಷಿ ಅಳುತ್ತಲೇ, "ಇಷ್ಟು ವರ್ಷ ಅಮ್ಮ ಎಲ್ಲಿ ಹೋದಳು ಅಂತ ಹುಡುಕ್ತಿದ್ದೆನಲ್ಲ ರೀ" ಅಂದಳು. ಆಮೇಲೆ ಮೂಗು ಒರೆಸಿಕೊಂಡು ಮತ್ತೆ ಚಿತ್ರಕ್ಕೆ ಅಂಟಿಕೊಂಡು ಕೂತಳು. ಬಿಸಿಲು ಗೋಡೆ ಬಿಟ್ಟು ಹೋಗುವ ತನಕ ಏಳಲಿಲ್ಲ. ಆ ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ, ಊರಿಗೆ ಬನ್ನಿಲ್ಲ.

ಸಂಜೆ ನೆನಪಾಗಿ, "ಹಾಗಾದರೆ ಈ ಅಡ್ಡಿಕೆ?" ಅಂದಳು. "ಅದು ಕಾಣೋದೇ ಇಲ್ಲ ಮಾರಾಯ್ತಿ." "ಮತ್ತೆ ಒಪ್ಪುತ್ತೆ ಒಪ್ಪುತ್ತೆ ಅಂತಿದ್ದಿರಿ!" "ಕಾಣದೆ ಇದ್ದರೆ ಒಪ್ಪದೆ ಇರುತ್ತಾ?" ಅಂದೆ. ಕೈಗೆ ಸಿಕ್ಕ ಲಟ್ಟಣಿಗೆ ಎತ್ತಿಕೊಂಡಳು, ಆದರೆ ನಗುತ್ತಿದ್ದಳು.

ಈಗ ಕಿಂಡಿ ಮುಚ್ಚಿದೆ. ನಾನು ಅವಳಿಗೆ ಕುಂಕುಮ ಇಡುತ್ತೇನೆ, ಅವಳು ಬೆರಳಲ್ಲೇ ನನ್ನ ಹುಬ್ಬು ಹುಡುಕಿಕೊಂಡು ವಿಭೂತಿ ಹಚ್ಚುತ್ತಾಳೆ. ಮೊದಲಿಗಿಂತ ನೆಟ್ಟಗೆ ಬರುತ್ತೆ ಅಂತ ಪುಟ್ಟೀರಮ್ಮ ಅನ್ನುತ್ತಾಳೆ. ಒಮ್ಮೊಮ್ಮೆ ದಾಕ್ಷಿಯ ಕೈ ಕೆಳಗಿಳಿದು ನನ್ನ ಕುತ್ತಿಗೆಯ ಹತ್ತಿರ ಬಂದು, "ರೀ, ನಿಮ್ಮದು ಹೇಗಿದೆ ಅಂತ ಹೇಳಲಾ?" ಅನ್ನುತ್ತಾಳೆ. "ಬಾಯಿ ಮುಚ್ಚು, ನನ್ನ ಚಿತ್ರ ಸರಿಯಾಗಿಯೇ ಬಂದಿದೆ" ಅನ್ನುತ್ತೇನೆ. ಅವಳು ನಗುತ್ತಾ ಹಿಟ್ಟಿನ ಕಡೆ ಹೋಗುತ್ತಾಳೆ.

ನಾದುತ್ತಾ ನಾದುತ್ತಾ ಬೆವರು ಇಳಿಯುತ್ತೆ. ಭುಜ ಎತ್ತಿ ಕೆನ್ನೆ ಒತ್ತುತ್ತಾಳೆ. ಮೊದಲೆಲ್ಲ ಒರೆಸಿಕೊಂಡು ತಕ್ಷಣ ಕೆಲಸಕ್ಕೆ ತಿರುಗುತ್ತಿದ್ದಳು. ಈಗ ಹಾಗೇ ಸ್ವಲ್ಪ ಹೊತ್ತು ಒರಗಿಕೊಂಡಿರುತ್ತಾಳೆ. ಭಟ್ಟಿ ಕಾದಿರುತ್ತೆ, ತಟ್ಟೆಗಳು ಖಾಲಿ ಇರುತ್ತವೆ, ಹೊರಗೆ ಗಿರಾಕಿಗಳು ಕೂಗುತ್ತಿರುತ್ತಾರೆ. ಅವಳಾಗಿಯೇ ತಲೆ ಎತ್ತುವ ತನಕ ನಾನು ಹಿಟ್ಟು ಕೇಳೋದಿಲ್ಲ.